ಹೆನ್ರಿ ಆಡಮ್ಸನ ಮೌನ

ಅಮೆರಿಕದ ರಾಜಕೀಯ ಸಾಹಿತ್ಯದಲ್ಲಿ ಹೆನ್ರಿ ಆಡಮ್ಸನದು (1838–1918) ಒಂದು ವಿಶಿಷ್ಟ ಸ್ಥಾನ. ಮುತ್ತಜ್ಜ ಜಾನ್ ಆಡಮ್ಸ್ ಆ ದೇಶದ ಎರಡನೆಯ ಅಧ್ಯಕ್ಷ. ಅಜ್ಜ ಜಾನ್ ಕ್ವಿನ್ಸಿ ಆಡಮ್ಸ್ ಆರನೆಯ ಅಧ್ಯಕ್ಷ. ತಂದೆ ಚಾರ್ಲ್ಸ್ ಫ್ರಾನ್ಸಿಸ್ ಅಂತರ್ಯುದ್ಧದ ಕಾಲದಲ್ಲಿ ಲಂಡನ್ನಿನಲ್ಲಿ ಅಮೆರಿಕದ ರಾಜಪ್ರತಿನಿಧಿ. ಇಂಥ ಕುಲದಲ್ಲಿ ಹುಟ್ಟಿದವನಿಗೆ ರಾಜಕಾರಣವೆಂಬುದು ಮನೆಯ ಮಾತೇ ಆಗಿತ್ತು. ಆದರೂ ಅವನು ಯಾವ ಚುನಾಯಿತ ಪದವಿಯನ್ನೂ ಏರದೆ, ಇತಿಹಾಸಕಾರನಾಗಿ, ಅಧಿಕಾರದ ನೆರೆಮನೆಯವನಾಗಿ ಬಾಳಿದನು. ಅವನ ‘ಡೆಮಾಕ್ರಸಿ’ ಎಂಬ ಕಾದಂಬರಿಯನ್ನೂ ‘ದಿ ಎಜುಕೇಷನ್ ಆಫ್ ಹೆನ್ರಿ ಆಡಮ್ಸ್’ ಎಂಬ ಆತ್ಮವೃತ್ತವನ್ನೂ ಜೊತೆಗಿಟ್ಟು ಓದಿದಾಗ ಒಂದು ಪ್ರಶ್ನೆ ಏಳುತ್ತದೆ: ಸಾರ್ವಜನಿಕ ವಿಚಾರವೊಂದರ ಹಿಂದೆ ನಿಂತಿರುವ ಖಾಸಗಿ ಬಾಳನ್ನು ತಿಳಿಯುವ ಹಕ್ಕು ಓದುಗನಿಗೆ ಎಷ್ಟರಮಟ್ಟಿಗೆ ಉಂಟು?

‘ಡೆಮಾಕ್ರಸಿ’ 1880ರಲ್ಲಿ ಲೇಖಕನ ಹೆಸರಿಲ್ಲದೆ ಪ್ರಕಟವಾಯಿತು. ಗಂಡನನ್ನೂ ಎಳೆಯ ಮಗುವನ್ನೂ ಕಳೆದುಕೊಂಡ ಮ್ಯಾಡಲಿನ್ ಲೀ ಎಂಬ ನ್ಯೂಯಾರ್ಕಿನ ಸಿರಿವಂತ ವಿಧವೆ, ಅಧಿಕಾರವೆಂಬ ಯಂತ್ರ ಹೇಗೆ ನಡೆಯುತ್ತದೆಂಬುದನ್ನು ಕಣ್ಣಾರೆ ಕಾಣಲೆಂದು ವಾಷಿಂಗ್ಟನ್ನಿಗೆ ಬಂದು ನೆಲಸುತ್ತಾಳೆ. ಇಲಿನಾಯ್ ರಾಜ್ಯದ ಸೆನೆಟರ್ ರ‍್ಯಾಟ್‌ಕ್ಲಿಫ್ ಆಕೆಯನ್ನು ವರಿಸಬಯಸುತ್ತಾನೆ. ಅವನು ಬರಿಯ ಖಳನಲ್ಲ. ಅಂತರ್ಯುದ್ಧದ ಕಾಲದಲ್ಲಿ ಮತಗಳ ಲೆಕ್ಕವನ್ನು ತಿದ್ದಿದ್ದುಂಟೆಂದು ತಾನೇ ಒಪ್ಪಿಕೊಂಡು, ಒಕ್ಕೂಟದ ಉಳಿವಿಗಾಗಿ ಅದು ಅನಿವಾರ್ಯವಾಗಿತ್ತೆಂದು ವಾದಿಸಬಲ್ಲವನು. ಆದರೆ ವರ್ಜೀನಿಯದ ವಕೀಲ ಕ್ಯಾರಿಂಗ್ಟನ್ ಬರೆದಿಟ್ಟುಹೋದ ಪತ್ರವೊಂದು ಮ್ಯಾಡಲಿನ್ನಳ ಕೈ ಸೇರುತ್ತದೆ. ಹಡಗು ಕಂಪನಿಯೊಂದಕ್ಕೆ ಸರ್ಕಾರದ ಸಹಾಯಧನ ದೊರಕಿಸಿಕೊಟ್ಟುದರ ಹಿಂದೆ 1,00,000 ಡಾಲರುಗಳ ವ್ಯವಹಾರವಿತ್ತೆಂಬುದು ಆ ಪತ್ರದ ಸಾರ. ಹಣ ತನಗಲ್ಲ, ಪಕ್ಷದ ಚುನಾವಣೆಗೆ ಎಂಬುದು ರ‍್ಯಾಟ್‌ಕ್ಲಿಫನ ಸಮಾಧಾನ. ಮ್ಯಾಡಲಿನ್ ಅವನನ್ನು ನಿರಾಕರಿಸುತ್ತಾಳೆ.

ಕೃತಿಯ ಬಲವಿರುವುದು ಈ ಕಟ್ಟಿನಲ್ಲಿಯೇ. ಲಂಚದ ಪ್ರಶ್ನೆ ಶಾಸನಸಭೆಯಲ್ಲಿ ಇತ್ಯರ್ಥವಾಗದೆ ಒಬ್ಬ ಹೆಣ್ಣಿನ ಅಂತರಂಗದಲ್ಲಿ ಇತ್ಯರ್ಥವಾಗುತ್ತದೆ. ‘ರಾಷ್ಟ್ರಹಿತ’, ‘ಪಕ್ಷಹಿತ’ ಎಂಬ ಮಾತುಗಳು ಸಭೆಯಲ್ಲಿ ಗಂಭೀರವಾಗಿಯೇ ಕೇಳಿಸುತ್ತವೆ. ಈ ಮನುಷ್ಯನೊಡನೆ ಬಾಳು ಹಂಚಿಕೊಳ್ಳಬಹುದೇ ಎಂಬ ಪ್ರಶ್ನೆಯ ಮುಂದೆ ಮಾತ್ರ ಅವುಗಳ ಟೊಳ್ಳು ಬಯಲಾಗುತ್ತದೆ. ಕೃತಿಯ ಮಿತಿಯೂ ಅಲ್ಲಿಯೇ ಇದೆ. ಮ್ಯಾಡಲಿನ್ ಈಜಿಪ್ಟಿನ ಪ್ರವಾಸದ ಕನಸು ಕಾಣುತ್ತ ರಾಜಧಾನಿಯನ್ನು ಬಿಡುತ್ತಾಳೆ. ರ‍್ಯಾಟ್‌ಕ್ಲಿಫ್ ಅಧಿಕಾರದಲ್ಲಿ ಉಳಿಯುತ್ತಾನೆ. ಖಾಸಗಿ ವಿವೇಕ ತನ್ನನ್ನು ತಾನು ಉಳಿಸಿಕೊಂಡಿತೇ ಹೊರತು ಗಣರಾಜ್ಯವನ್ನು ಉಳಿಸಲಿಲ್ಲ.

ಖಾಸಗಿ ಪತ್ರದ ಬೆಳಕಿನಲ್ಲಿ ಸಾರ್ವಜನಿಕ ಪುರುಷನನ್ನು ಅಳೆದ ಈ ಲೇಖಕ ತನ್ನ ಬಾಳನ್ನು ಬರೆಯುವಾಗ ಹಿಡಿದ ದಾರಿ ಬೇರೆ. ‘ಎಜುಕೇಷನ್’ ಗ್ರಂಥ 1907ರಲ್ಲಿ ಆಪ್ತರಿಗಾಗಿ ಮಾತ್ರ ಅಚ್ಚಾಗಿ, ಅವನ ಮರಣಾನಂತರ 1918ರಲ್ಲಿ ಲೋಕಕ್ಕೆ ದೊರೆಯಿತು. ಮರುವರ್ಷ ಪುಲಿಟ್ಜರ್ ಬಹುಮಾನವನ್ನು ಪಡೆಯಿತು. ಅದರಲ್ಲಿ ಆಡಮ್ಸ್ ತನ್ನನ್ನು ‘ಅವನು’ ಎಂದೇ ಕರೆದುಕೊಳ್ಳುತ್ತಾನೆ. ಇಪ್ಪತ್ತನೆಯ ಅಧ್ಯಾಯದ ಶೀರ್ಷಿಕೆಯಲ್ಲಿ 1871 ಎಂಬ ವರ್ಷವಿದೆ, ಇಪ್ಪತ್ತೊಂದನೆಯದರಲ್ಲಿ 1892. ನಡುವಣ ಎರಡು ದಶಕಗಳಲ್ಲಿ ಅವನು ಹಾರ್ವರ್ಡಿನಲ್ಲಿ ಪಾಠ ಹೇಳಿದ್ದನು. ಜೆಫರ್ಸನ್ ಮತ್ತು ಮ್ಯಾಡಿಸನ್ನರ ಆಡಳಿತದ ಇತಿಹಾಸವನ್ನು ಒಂಬತ್ತು ಸಂಪುಟಗಳಲ್ಲಿ ಬರೆದಿದ್ದನು. 1872ರಲ್ಲಿ ಮೇರಿಯನ್ ಹೂಪರಳನ್ನು ಮದುವೆಯಾಗಿದ್ದನು. ತಂದೆಯ ಮರಣದಿಂದ ಕುಗ್ಗಿಹೋಗಿದ್ದ ಆಕೆ 1885ರ ಡಿಸೆಂಬರಿನಲ್ಲಿ ತಾನಾಗಿಯೇ ಪ್ರಾಣ ಬಿಟ್ಟಳು. ಗ್ರಂಥದಲ್ಲಿ ಆಕೆಯ ಹೆಸರು ಒಮ್ಮೆಯೂ ಬರುವುದಿಲ್ಲ. ಶಿಲ್ಪಿ ಸೇಂಟ್ ಗಾಡೆನ್ಸ್ ಆಕೆಯ ಸಮಾಧಿಗಾಗಿ ರಚಿಸಿದ ಕಂಚಿನ ಮೂರ್ತಿಯ ಪ್ರಸ್ತಾಪ ಬರುತ್ತದೆ; ನೋಡಬಂದವರು ಅದರ ಅರ್ಥ ಕೇಳುತ್ತಿದ್ದರೆಂಬುದೂ ಬರುತ್ತದೆ; ಅದು ಯಾರ ಸಮಾಧಿಯೆಂಬುದು ಮಾತ್ರ ಬರುವುದಿಲ್ಲ.

ಈ ಮೌನವನ್ನು ಧ್ವನಿಯೆನ್ನಬಹುದೇ? ಆನಂದವರ್ಧನನ ಪರಂಪರೆಯಲ್ಲಿ ಬೆಳೆದ ಓದುಗ ಹೌದೆನ್ನಲು ಆತುರಪಡಬಹುದು. ಆದರೆ ಧ್ವನಿ ಬೇರೆ, ಗೋಪನ ಬೇರೆ. ವಾಚ್ಯದಿಂದಲೇ ವ್ಯಂಗ್ಯಾರ್ಥ ಸಹೃದಯನಿಗೆ ಹೊಳೆದರೆ ಅದು ಧ್ವನಿ. ಹೊರಗಣ ಸಂಗತಿಯನ್ನು ತಿಳಿಯದವನಿಗೆ ಏನೂ ಹೊಳೆಯದಿದ್ದರೆ ಅದು ಗೋಪನ. ಮೇರಿಯನ್ನಳ ವಿಷಯವನ್ನು ಅರಿಯದೆ ಗ್ರಂಥವನ್ನು ಓದಿದವನಿಗೆ ಕಂಚಿನ ಮೂರ್ತಿ ಒಂದು ಕಲಾಕೃತಿ ಮಾತ್ರ. ಆ ಮೊದಲ ಪ್ರತಿಗಳನ್ನು ಪಡೆದ ಗೆಳೆಯರಿಗೆ ಎಲ್ಲವೂ ತಿಳಿದಿತ್ತು. ಅವರಿಗೆ ಧ್ವನಿಯಾದದ್ದು ಲೋಕದ ಓದುಗನಿಗೆ ಗೋಪನವಾಯಿತು.

ಇದು ಕೇವಲ ಶೈಲಿಯ ವಿಚಾರವಾಗಿದ್ದರೆ ಚಿಂತೆಯಿರಲಿಲ್ಲ. ಉತ್ತರಾರ್ಧದಲ್ಲಿ ಆಡಮ್ಸ್ ತನ್ನ ನಿರಾಶೆಗೆ ಶಾಸ್ತ್ರದ ರೂಪ ಕೊಡುತ್ತಾನೆ. ಶಕ್ತಿಗಳು ದಿನೇದಿನೇ ವೇಗ ಹೆಚ್ಚಿಸಿಕೊಳ್ಳುತ್ತಿವೆ, ಮನುಷ್ಯನ ಬುದ್ಧಿ ಹಿಂದೆ ಬೀಳುತ್ತಿದೆ ಎಂಬುದನ್ನು ಇತಿಹಾಸದ ನಿಯಮವಾಗಿಯೇ ಮಂಡಿಸುತ್ತಾನೆ. ದುಃಖಿತನಾದ ಒಬ್ಬನ ದೃಷ್ಟಿ ಎಂದು ಓದಿದರೆ ಅದಕ್ಕೆ ಒಂದು ತೂಕ. ಅನಾಮಧೇಯವಾದ ವಿಶ್ವನಿಯಮ ಎಂದು ಓದಿದರೆ ಮತ್ತೊಂದು ತೂಕ. ಬರೆದವನ ನೋವನ್ನು ಮರೆಮಾಡಿದುದರಿಂದ ಅವನ ತೀರ್ಪಿಗೆ ಸಲ್ಲಬೇಕಾದುದಕ್ಕಿಂತ ಹೆಚ್ಚಿನ ಅಧಿಕಾರ ಸಂದಿತು.

ಹಾಗೆಂದು, ಆ ನಿರಾಶೆಯೆಲ್ಲವೂ ವೈಧುರ್ಯದ ಫಲವೆಂದು ತಳ್ಳಿಹಾಕುವುದು ಇನ್ನೂ ದೊಡ್ಡ ಅನ್ಯಾಯ. ಗ್ರ್ಯಾಂಟ್ ಅಧ್ಯಕ್ಷನಾಗಿದ್ದಾಗ, 1869ರಲ್ಲಿ, ಜೇ ಗೂಲ್ಡ್ ಚಿನ್ನದ ಮಾರುಕಟ್ಟೆಯನ್ನು ವಶಪಡಿಸಿಕೊಳ್ಳಲು ಹವಣಿಸಿ, ಅಧ್ಯಕ್ಷನ ತಂಗಿಯ ಗಂಡನಾದ ಕಾರ್ಬಿನ್ನನ ಮೂಲಕ ಅರಮನೆಯೊಳಗೆ ದಾರಿ ಮಾಡಿಕೊಂಡನು. ಆ ಹಗರಣವನ್ನು ಕುರಿತು ಆಡಮ್ಸ್ ಬರೆದ ಪ್ರಬಂಧ 1870ರಲ್ಲಿ ಪ್ರಕಟವಾಯಿತು. ನೆಂಟಸ್ತಿಕೆ ರಾಜ್ಯದ ಬೊಕ್ಕಸದ ಬಾಗಿಲನ್ನು ತಟ್ಟಬಲ್ಲದೆಂಬುದನ್ನು ಅವನು ಕಂಡದ್ದು ಮದುವೆಗೂ ಮೊದಲು. ಆ ದೋಷಾರೋಪಣೆ ಸಾಕ್ಷ್ಯದ ಮೇಲೆ ನಿಂತದ್ದು. ಯಾರ ಕಣ್ಣೀರೂ ಅದನ್ನು ಅಳಿಸಲಾರದು, ಬಲಪಡಿಸಲೂ ಆರದು.

ಆದುದರಿಂದ ವಿಮರ್ಶೆ ಇಲ್ಲಿ ಒಂದು ಭೇದವನ್ನು ಕಾಣಬೇಕು. ಕ್ಯಾರಿಂಗ್ಟನ್ನನ ಪತ್ರ ಬಯಲಾಗಬೇಕಾದದ್ದೇ. ಅದರಲ್ಲಿದ್ದುದು ಖಾಸಗಿಯಾಗಿ ನಡೆದ ಸಾರ್ವಜನಿಕ ವ್ಯವಹಾರ. ಮೇರಿಯನ್ನಳ ಮರಣವನ್ನು ಲೋಕದ ಮುಂದೆ ಹರಡಬೇಕಾದ ಋಣ ಆಡಮ್ಸನಿಗಿರಲಿಲ್ಲ. ಅದರಿಂದ ಯಾವ ಮತವೂ ಮಾರಾಟವಾಗಿರಲಿಲ್ಲ. ಪತಿಯಾಗಿ ಅವನ ಮೌನ ಗೌರವಾರ್ಹ. ಗತಿಸಿದ ಬಾಳಿನ ಮೇಲೆ ಲೋಕದ ನಿಯಮವನ್ನು ಕಟ್ಟಹೊರಟ ಇತಿಹಾಸಕಾರನಾಗಿ ಮಾತ್ರ, ಆ ಇಪ್ಪತ್ತು ವರ್ಷಗಳಲ್ಲಿ ಏನೋ ಮುರಿದುಬಿದ್ದಿತೆಂಬಷ್ಟನ್ನಾದರೂ ಅವನು ಓದುಗನಿಗೆ ತಿಳಿಸಬೇಕಾಗಿತ್ತು. ‘ಎಜುಕೇಷನ್’ ಗ್ರಂಥದ ಪೂರ್ವಾರ್ಧ ಇಂದಿಗೂ ರಾಜಕೀಯ ಅನುಭವದ ಶ್ರೇಷ್ಠ ದಾಖಲೆ. ಉತ್ತರಾರ್ಧವನ್ನು ಓದುವವನು ಬಿಟ್ಟುಹೋದ ಆ ವರ್ಷಗಳನ್ನು ನೆನಪಿನಲ್ಲಿಟ್ಟುಕೊಂಡೇ ಓದಬೇಕು.