ಭಾಷಾವಾರು ಪ್ರಾಂತ್ಯದ ಪಾಠ ಮತ್ತು ಗಡಿಯ ವಿದ್ಯಾರ್ಥಿ

ಪಠ್ಯಪುಸ್ತಕವನ್ನು ಪರೀಕ್ಷೆಯ ಸಾಮಗ್ರಿಯಾಗಿ ನೋಡುವವರು ಬಹಳ, ಕಥನವಾಗಿ ಓದುವವರು ವಿರಳ. ಎನ್‌ಸಿಇಆರ್‌ಟಿ 2007ರಲ್ಲಿ ಹನ್ನೆರಡನೆಯ ತರಗತಿಗೆಂದು ಹೊರತಂದ 'ಪಾಲಿಟಿಕ್ಸ್ ಇನ್ ಇಂಡಿಯಾ ಸಿನ್ಸ್ ಇಂಡಿಪೆಂಡೆನ್ಸ್' ಎರಡನೆಯ ಬಗೆಯ ಓದಿಗೂ ಒದಗುವ ಕೃತಿ. ಯೋಗೇಂದ್ರ ಯಾದವ್ ಮತ್ತು ಸುಹಾಸ್ ಪಳಶೀಕರ್ ಮುಖ್ಯ ಸಲಹೆಗಾರರಾಗಿದ್ದ ಈ ರಾಜ್ಯಶಾಸ್ತ್ರ ಮಾಲೆ ಅಧಿಕಾರ-ಕರ್ತವ್ಯಗಳ ಪಟ್ಟಿಯನ್ನು ಬಾಯಿಪಾಠ ಮಾಡಿಸುವ ಜಾಡನ್ನು ಬಿಟ್ಟು, ವ್ಯಂಗ್ಯಚಿತ್ರ, ಸಿನಿಮಾಗಳ ಮೂಲಕ ರಾಜಕಾರಣವನ್ನು ವಾದದ ವಸ್ತುವಾಗಿಸಿತು. ಉನ್ನಿ, ಮುನ್ನಿ ಎಂಬ ಇಬ್ಬರು ಮಕ್ಕಳು ಪುಟದಂಚಿನಲ್ಲಿ ನಿಂತು ಪಾಠವನ್ನೇ ಪ್ರಶ್ನಿಸುತ್ತಾರೆ. 2012ರ ವ್ಯಂಗ್ಯಚಿತ್ರ ವಿವಾದ, 2022ರ ಕತ್ತರಿ ಪ್ರಯೋಗ, ಮರುವರ್ಷ ಸಲಹೆಗಾರರಿಬ್ಬರೂ ತಮ್ಮ ಹೆಸರನ್ನು ತೆಗೆಯುವಂತೆ ಕೇಳಿದ್ದು ಸಾಕಷ್ಟು ಚರ್ಚೆಗೆ ಬಂದಿವೆ. ಕತ್ತರಿ ಬೀಳುವ ಮೊದಲೇ ಅಲ್ಲಿದ್ದ ಒಂದು ಮೌನ ಮಾತ್ರ ಅಷ್ಟಾಗಿ ಗಮನಕ್ಕೆ ಬಂದಿಲ್ಲ.

ರಾಷ್ಟ್ರನಿರ್ಮಾಣವನ್ನು ಕುರಿತ ಮೊದಲ ಅಧ್ಯಾಯದಲ್ಲಿ ಎರಡು ಗಡಿಗಳು ಬರುತ್ತವೆ. ದೇಶವಿಭಜನೆಯ ಗಡಿಗೆ ಸಾಕ್ಷಿ ನುಡಿಯಲು ಮಂಟೋ ಬರುತ್ತಾನೆ, 'ಗರ್ಮ್ ಹವಾ' ಚಿತ್ರ ಬರುತ್ತದೆ. ಗೆರೆಯ ತಪ್ಪು ಬದಿಯಲ್ಲಿ ಉಳಿದವನ ನೋವು ವಿದ್ಯಾರ್ಥಿಗೆ ಮುಟ್ಟುತ್ತದೆ. ಭಾಷಾವಾರು ಪ್ರಾಂತ್ಯಗಳ ಗಡಿಗೆ ಬಂದಾಗ ಕಥನದ ಧಾಟಿ ಬದಲಾಗುತ್ತದೆ: ಬೇಡಿಕೆ, ಕೇಂದ್ರದ ಹಿಂಜರಿಕೆ, 1952ರ ಡಿಸೆಂಬರಿನಲ್ಲಿ ಪೊಟ್ಟಿ ಶ್ರೀರಾಮುಲು ಅವರ ಬಲಿದಾನ, ಆಯೋಗ, 1956ರ ಕಾಯಿದೆ, ಹದಿನಾಲ್ಕು ರಾಜ್ಯಗಳು. ದೇಶ ಒಡೆಯುತ್ತದೆಂಬ ಭೀತಿ ಸುಳ್ಳಾಯಿತು, ಪ್ರಜಾಪ್ರಭುತ್ವ ಗಟ್ಟಿಯಾಯಿತು ಎಂಬಲ್ಲಿಗೆ ಕಥೆ ಮುಗಿಯುತ್ತದೆ. ತೀರ್ಮಾನ ತಪ್ಪೆನ್ನಲಾಗದು. ಆದರೆ ಇದು ಗೆದ್ದ ಚಳವಳಿಗಳ ಕಥೆ. ಕಾಸರಗೋಡು, ಅಕ್ಕಲಕೋಟೆ, ತಾಳವಾಡಿ, ಮಡಕಶಿರಾಗಳು ಇದರಲ್ಲಿ ಪಾತ್ರಗಳಾಗುವುದಿಲ್ಲ.

ಕಾಯಿದೆ ಬಂದ ವರ್ಷವೇ ಅದಕ್ಕೆ ಜೋಡಿಯಾಗಿ ಬಂದ ಸಂವಿಧಾನದ ಏಳನೆಯ ತಿದ್ದುಪಡಿ 350ಎ, 350ಬಿ ವಿಧಿಗಳನ್ನು ಸೇರಿಸಿತು. ಗೆರೆ ಎಳೆದವರೇ ಗೆರೆಯಾಚೆ ಜನ ಉಳಿಯುತ್ತಾರೆಂದು ಒಪ್ಪಿದ ದಾಖಲೆಯಿದು. ಪಾಠದ ಕಥನ ಇದರ ಮೊದಲರ್ಧಕ್ಕೇ ತೃಪ್ತವಾಗುತ್ತದೆ. 350ಎ ವಿಧಿ ಮಾತೃಭಾಷಾ ಶಿಕ್ಷಣದ ಸೌಲಭ್ಯವನ್ನು ಪ್ರಾಥಮಿಕ ಹಂತಕ್ಕಷ್ಟೇ ಹೇಳುತ್ತದೆ. ರಾಜ್ಯಶಾಸ್ತ್ರವನ್ನು ವಿಷಯವಾಗಿ ಆರಿಸಿಕೊಳ್ಳುವ ಹದಿನಾರರ ಹುಡುಗಿ ಆ ವಾಗ್ದಾನದ ಅವಧಿಯನ್ನು ದಾಟಿಯೇ ಸಂವಿಧಾನದ ಪುಸ್ತಕವನ್ನು ತೆರೆಯುತ್ತಾಳೆ. ಎನ್‌ಸಿಇಆರ್‌ಟಿಯ ಆ ಪುಸ್ತಕವಿರುವುದೂ ಇಂಗ್ಲಿಷ್, ಹಿಂದಿ, ಉರ್ದುಗಳಲ್ಲಿ.

ದೇಶಕ್ಕೆಲ್ಲ ಒಂದೇ ಆದ ಪುಸ್ತಕದಲ್ಲಿ ತಾಲೂಕುಗಳ ಲೆಕ್ಕ ಹಿಡಿಸದು ಎಂಬ ಸಮಾಧಾನವುಂಟು. ಅದು ಪೂರ್ತಿ ನಿಲ್ಲುವುದಿಲ್ಲ. ಪ್ರಾದೇಶಿಕ ಆಶೋತ್ತರಗಳ ಅಧ್ಯಾಯದಲ್ಲಿ ಪುಟ್ಟ ಗೋವಾಕ್ಕೆ ಜಾಗವಿದೆ: ಮಹಾರಾಷ್ಟ್ರದೊಡನೆ ವಿಲೀನವೇ, ಪ್ರತ್ಯೇಕತೆಯೇ ಎಂಬ 1967ರ ಜನಮತ ಅಲ್ಲಿ ಬರುತ್ತದೆ. ಅದೇ 1967ರಲ್ಲಿ ಮಹಾಜನ ಆಯೋಗವೂ ವರದಿ ಕೊಟ್ಟಿತು; ಚಂದ್ರಗಿರಿಯ ಉತ್ತರಭಾಗ ಮೈಸೂರಿಗೆ ಸೇರಬೇಕೆಂದಿತು; ಅದು ಜಾರಿಯಾಗಲಿಲ್ಲ. ಗೋವಾದ ಪ್ರಶ್ನೆಗೆ ಉತ್ತರ ಸಿಕ್ಕಿತು, ಆದ್ದರಿಂದ ಅದು ಪಾಠವಾಗಲು ಒದಗಿತು. ಕಾಶ್ಮೀರವನ್ನು ಬಿಟ್ಟರೆ ಆ ಅಧ್ಯಾಯ ಹೆಚ್ಚಾಗಿ ಒಲಿಯುವುದು ಒಪ್ಪಂದದಲ್ಲಿ ಕೊನೆಗಾಣುವ ಕಥೆಗಳಿಗೇ. ರಾಜಕಾರಣವೆಂದರೆ ಬಗೆಹರಿಯದ ಭಿನ್ನಾಭಿಪ್ರಾಯದ ನಿರ್ವಹಣೆ ಎಂದು ಕಲಿಸಹೊರಟ ಮಾಲೆಗೆ ಇದು ಒಪ್ಪುವ ಮಾತಲ್ಲ.

ಸಾಕ್ಷ್ಯಕ್ಕೇನೂ ಬರವಿಲ್ಲ. ಮಂಟೋವಿಗೆ ಕೊಟ್ಟ ಅರ್ಧ ಪುಟವನ್ನು ಕಯ್ಯಾರ ಕಿಞ್ಞಣ್ಣ ರೈಗಳ ಆತ್ಮಕಥನಕ್ಕೋ, ಕಾಸರಗೋಡನ್ನು ಕುರಿತ ಅವರ ಕವಿತೆಗೋ ಅನುವಾದದಲ್ಲಿ ಕೊಟ್ಟಿದ್ದರೆ ಭಾಷಾವಾರು ಪ್ರಾಂತ್ಯದ ಪಾಠಕ್ಕೆ ಇನ್ನೊಂದು ಮಗ್ಗುಲು ಸಿಗುತ್ತಿತ್ತು. ಅದು ವಿಂಗಡಣೆಯನ್ನು ಅಲ್ಲಗಳೆಯುವ ಸಾಕ್ಷ್ಯವಲ್ಲ. ಭಾಷಾವಾರು ತತ್ತ್ವವನ್ನು ಪೂರ್ತಿ ನಂಬಿ, ಅದರಿಂದಲೇ ಹೊರಗುಳಿದವರ ಸಾಕ್ಷ್ಯ. ಹಾಗಾಗಿಯೇ ಅದು ಹೆಚ್ಚು ಇರಿಯುತ್ತದೆ.

2023ರ ಆಗಸ್ಟಿನಲ್ಲಿ ಕೇರಳ ಸರ್ಕಾರ ಕತ್ತರಿಸಿದ ಭಾಗಗಳನ್ನು ಮರಳಿಸಲು ಹನ್ನೊಂದು-ಹನ್ನೆರಡನೆಯ ತರಗತಿಗಳಿಗೆ ಪೂರಕ ಪುಸ್ತಕಗಳನ್ನು ತಂದಿತು, ರಾಜ್ಯಶಾಸ್ತ್ರವೂ ಅವುಗಳಲ್ಲೊಂದು. ಶ್ಲಾಘನೀಯ ಕೆಲಸ. ಆದರೆ ದೆಹಲಿ ಅಳಿಸಿದ್ದನ್ನು ಮತ್ತೆ ಬರೆಯುವುದು ಅದರ ಉದ್ದೇಶ. ಮಂಜೇಶ್ವರದ ವಿದ್ಯಾರ್ಥಿಗೆ ಬೇಕಾದ ಪುಟ ದೆಹಲಿಯಲ್ಲೂ ಎಂದೂ ಅಚ್ಚಾಗಿರಲಿಲ್ಲ.