ಕಕ್ಕಡದ ಮಳೆಯಲ್ಲಿ ಆಪ್ಷನ್ ಎಂಟ್ರಿ

ಸಿಇಟಿ ಬರೆಯುವುದು ಬೇಸಗೆಯಲ್ಲಿ ಮುಗಿಯುತ್ತದೆ. ಸೀಟು ಹಿಡಿಯುವ ಕೆಲಸ ಮಾತ್ರ ಹೆಚ್ಚಿನ ವರ್ಷ ಕಕ್ಕಡದ, ಅಂದರೆ ಕೊಡವರ ಆಷಾಢದ, ಮಳೆಗೇ ಬಂದು ಬೀಳುತ್ತದೆ. ಕೊಡಗಿನಲ್ಲಿ ಅದು ಮರ ಬಿದ್ದು ಲೈನ್ ಹರಿಯುವ, ಕರೆಂಟಿಲ್ಲದೆ ಮೊಬೈಲ್ ಟವರ್ ಮಲಗುವ, ಜಿಲ್ಲಾಧಿಕಾರಿಗಳು ಶಾಲೆಗಳಿಗೆ ರಜೆ ಸಾರುವ ಕಾಲ. ಕರ್ನಾಟಕ ಪರೀಕ್ಷಾ ಪ್ರಾಧಿಕಾರದ ವೇಳಾಪಟ್ಟಿಗೆ ಆ ರಜೆ ಗೊತ್ತಿಲ್ಲ. ಕೊನೆಯ ದಿನಾಂಕ ಬೆಂಗಳೂರಿಗೂ ಒಂದೇ, ಭಾಗಮಂಡಲಕ್ಕೂ ಒಂದೇ.

ಇಷ್ಟಕ್ಕೇ, ಬೇಕಾದ ಕಾಲೇಜು-ಕೋರ್ಸುಗಳನ್ನು ಆನ್‌ಲೈನಿನಲ್ಲಿ ಕ್ರಮವಾಗಿ ನಮೂದಿಸುವ ಆಪ್ಷನ್ ಎಂಟ್ರಿಯನ್ನು ಬೈದು ಮುಗಿಸಿದರೆ ಅನ್ಯಾಯವಾದೀತು. ಅದರೊಳಗಿನ ಲೆಕ್ಕ ನಿಜಕ್ಕೂ ಪ್ರಾಮಾಣಿಕವಾದದ್ದು. ರ‍್ಯಾಂಕಿನ ಸರದಿ ಬಂದಾಗ ಕಂಪ್ಯೂಟರ್ ಆ ವಿದ್ಯಾರ್ಥಿಯ ಪಟ್ಟಿಯನ್ನು ಮೇಲಿಂದ ಕೆಳಗೆ ಓದುತ್ತದೆ. ಅವರಿಗೆ ಸಲ್ಲುವ ಸೀಟು ಮೊದಲು ಎಲ್ಲಿ ಖಾಲಿ ಕಂಡಿತೋ ಅದನ್ನೇ ಕೊಡುತ್ತದೆ. ಹಾಗಾಗಿ ಎಟುಕದ ಕಾಲೇಜನ್ನು ಮೇಲೆ ಬರೆದರೆ ಎಟುಕುವುದೂ ತಪ್ಪಿಹೋಗುತ್ತದೆ ಎಂಬ ಊರ ಮಾತು ಶುದ್ಧ ಸುಳ್ಳು. ಆಸೆ ಇರುವ ಕ್ರಮದಲ್ಲೇ ಬರೆಯುವವರಿಗೆ ಇಲ್ಲಿ ನಷ್ಟವಿಲ್ಲ. ಸೀಟು ಹಂಚಿಕೆಯ ಇಂಥ ಲೆಕ್ಕಗಳನ್ನು ಗೇಲ್ ಮತ್ತು ಶ್ಯಾಪ್ಲಿ ಎಂಬ ಇಬ್ಬರು ಗಣಿತಜ್ಞರು 1962ರಲ್ಲೇ ಚರ್ಚಿಸಿದ್ದರು. ಅದೇ ದಾರಿಯ ಕೆಲಸಕ್ಕೆ ಶ್ಯಾಪ್ಲಿ ಮತ್ತು ರಾತ್ 2012ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಡೆದರು. ನಮ್ಮದು ಅದಕ್ಕಿಂತ ಸರಳವಾದ ಲೆಕ್ಕ.

ಹಿಂದಿನದನ್ನು ನೆನೆದರೆ ಇದರ ಬೆಲೆ ಇನ್ನಷ್ಟು ತಿಳಿಯುತ್ತದೆ. ಕ್ಯಾಪಿಟೇಷನ್ ಕಾಲೇಜುಗಳ ನಾಡೆಂದು ಹೆಸರಾಗಿದ್ದ ಕರ್ನಾಟಕದಲ್ಲಿ, ಆ ವಸೂಲಿಗೆ ತಡೆಯೊಡ್ಡಿದ ಸುಪ್ರೀಂ ಕೋರ್ಟಿನ 1993ರ ಉನ್ನಿಕೃಷ್ಣನ್ ತೀರ್ಪಿನ ಬೆನ್ನಿಗೆ 1994ರಲ್ಲಿ ಸಿಇಟಿ ಬಂತು. ಮೊದಲ ವರ್ಷಗಳ ಕೌನ್ಸೆಲಿಂಗಿಗೆ ಮಡಿಕೇರಿಯಿಂದ ಡಿಡಿ ಹಿಡಿದು ರಾತ್ರಿ ಬಸ್ಸು ಹತ್ತಬೇಕಿತ್ತು. ಬೆಂಗಳೂರಿನ ಸಭಾಂಗಣದ ಪರದೆಯಲ್ಲಿ ಸೀಟುಗಳು ಒಂದೊಂದಾಗಿ ಕರಗುವುದನ್ನು ನೋಡುತ್ತ ಕೂರಬೇಕಿತ್ತು. ತ್ರಾಸ ಇತ್ತು, ಖರ್ಚೂ ಇತ್ತು. ಆದರೆ ಉಳಿದಿರುವುದೇನು ಎಂಬುದು ಕಣ್ಣೆದುರೇ ಇರುತ್ತಿತ್ತು, ಮಗು ತಾನೇ ಬಾಯಿಬಿಟ್ಟು ಹೇಳುತ್ತಿತ್ತು.

ಈಗ ಹೇಳುವವರು ಯಾರು? ನನ್ನ ದೊಡ್ಡ ತಕರಾರು ಇದೇ. ಮನೆಯಲ್ಲಿ ನೆಟ್‌ವರ್ಕ್ ಇಲ್ಲ, ಮಗ ಸೈಬರ್ ಸೆಂಟರಿಗೆ ಹೋಗುತ್ತಾನೆ, ಹಿಂದೆ ಸಾಲು ನಿಂತಿದೆ. ಕೀಲಿಮಣೆಯ ಮುಂದೆ ಕೂತವರು ‘ಇಷ್ಟು ಸಾಕು, ನಿಮ್ಮ ರ‍್ಯಾಂಕಿಗೆ ಅದೆಲ್ಲ ಬರಲ್ಲ’ ಎಂದು ಪಟ್ಟಿಯನ್ನು ಮೊಟಕು ಮಾಡುತ್ತಾರೆ. ಪಾಸ್‌ವರ್ಡೂ ಅಲ್ಲೇ ಉಳಿಯುತ್ತದೆ. 2024ರಲ್ಲಿ, ಸೇರುವ ಉದ್ದೇಶವಿಲ್ಲದೆ ಎಂಜಿನಿಯರಿಂಗ್ ಸೀಟು ಹಿಡಿದಿಡುವ ಸೀಟ್ ಬ್ಲಾಕಿಂಗ್ ದಂಧೆಯ ಬಗ್ಗೆ ಪ್ರಾಧಿಕಾರವೇ ಪೊಲೀಸರಿಗೆ ದೂರು ಕೊಟ್ಟಿತು. ಒಂದೇ ಐಪಿ ವಿಳಾಸದಿಂದ ಹಲವರ ಆಪ್ಷನ್‌ಗಳು ದಾಖಲಾಗಿದ್ದವು ಎಂಬುದು ತನಿಖೆಯ ಒಂದು ಎಳೆ. ಬೇರೆಯವರ ಕೈಗೆ ಲಾಗಿನ್ ಕೊಡುವುದನ್ನೇ ಅನಿವಾರ್ಯ ಮಾಡಿದ ಮೇಲೆ ವಂಚನೆ ನಡೆಯಿತೆಂದು ಬೆಚ್ಚಿಬೀಳುವುದರಲ್ಲಿ ಅರ್ಥವಿಲ್ಲ.

ಸೀಟು ಬಂದ ಮೇಲೆ ಕೇಳುವ ನಾಲ್ಕು ಚಾಯ್ಸ್‌ಗಳದ್ದು ಇನ್ನೊಂದು ಕತೆ. ಒಂದು: ಒಪ್ಪಿ ಸೇರುತ್ತೇನೆ. ಎರಡು: ಇದಿರಲಿ, ಮೇಲಿನದಕ್ಕೆ ಮುಂದಿನ ಸುತ್ತಿನಲ್ಲೂ ಕಾಯುತ್ತೇನೆ. ಮೂರು: ಇದು ಬೇಡ, ಮುಂದಿನ ಸುತ್ತು ನೋಡುತ್ತೇನೆ. ನಾಲ್ಕು: ಯಾವುದೂ ಬೇಡ. ಎರಡಕ್ಕೂ ಮೂರಕ್ಕೂ ನಡುವೆ ಕೈಯಲ್ಲಿರುವ ಸೀಟು ಉಳಿಯುವ ಅಥವಾ ಹೋಗುವ ವ್ಯತ್ಯಾಸವಿದೆ. ಅದನ್ನು ಅಂಕಿಯ ಹೆಸರಿನಲ್ಲಿ ಗುರುತಿಸುವುದು ಕೆಟ್ಟ ವಿನ್ಯಾಸ. ‘ಈ ಸೀಟು ಬಿಟ್ಟುಬಿಡಿ’ ಎಂದು ಗುಂಡಿಯ ಮೇಲೆ ಕನ್ನಡದಲ್ಲಿ ಬರೆಯಲು ನೊಬೆಲ್ ಬೇಕಿಲ್ಲ. ಇಡೀ ವ್ಯವಸ್ಥೆಯಲ್ಲಿ ಅತಿ ಒಳ್ಳೆಯ ಭಾಗ ಅಣಕು ಹಂಚಿಕೆ, ಅಂದರೆ ಮಾಕ್ ಅಲಾಟ್‌ಮೆಂಟ್: ನಿಜವಾಗಿ ಏನು ಸಿಗಬಹುದೆಂದು ಮೊದಲೇ ತೋರಿಸಿ, ಪಟ್ಟಿ ತಿದ್ದಲು ಬಿಡುತ್ತದೆ. ತಿದ್ದಲು ಕೊಡುವ ದಿನಗಳು ಮಾತ್ರ ಮಳೆಯಲ್ಲಿ ಲೈನ್ ಸರಿಯಾಗಲು ಬೇಕಾಗುವ ದಿನಗಳಿಗಿಂತ ಕಡಿಮೆ.

ಮೀಸಲಾತಿಯ ಕಾಗದಗಳ ವಿಷಯಕ್ಕೆ ಬಂದರೆ ಕೊಡಗಿನ ಪಾಡು ಬೇರೆಯೇ. ಗ್ರಾಮೀಣ ಕೋಟಾ ಶೇ. 15, ಅದಕ್ಕೆ ಒಂದರಿಂದ ಹತ್ತನೇ ತರಗತಿ ಹಳ್ಳಿಯಲ್ಲೇ ಓದಿರಬೇಕು. ಹೈಸ್ಕೂಲಿಗೆಂದೇ ಮೈಸೂರಿನ ಹಾಸ್ಟೆಲಿಗೆ ಮಕ್ಕಳನ್ನು ಕಳಿಸುವ ತೋಟದ ಮನೆಗಳು ಅದನ್ನು ತಾವಾಗಿಯೇ ಬಿಟ್ಟುಕೊಡುತ್ತವೆ. ಅದರ ಬಗ್ಗೆ ನನಗೆ ಹೆಚ್ಚು ಮರುಕವಿಲ್ಲ. ತೋಟದ ಕಾರ್ಮಿಕರ ಲೈನ್‌ಮನೆಯಿಂದ ಸರ್ಕಾರಿ ಶಾಲೆಗೆ ನಡೆದುಹೋದ ಮಗುವಿಗೆ ಆ ಕೋಟಾ ಸಿಕ್ಕರೆ ಅದು ಸರಿಯಾದ ಕಡೆಗೇ ಹೋಯಿತು. ಕನ್ನಡ ಮಾಧ್ಯಮದ ಶೇ. 5 ಕೂಡ ಹಾಗೆಯೇ.

ಕೃಷಿಕ ಕೋಟಾದ ಕತೆ ಹಾಗಲ್ಲ. ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯ 1995ರಿಂದ ಈ ಜಿಲ್ಲೆಯಲ್ಲೇ ಇದೆ. ರಾಜ್ಯದಲ್ಲಿ ಅರಣ್ಯಶಾಸ್ತ್ರದ ಪದವಿಗೆ ಶಿರಸಿ ಬಿಟ್ಟರೆ ಹೆಸರು ಅದರದ್ದೇ. ಅರಣ್ಯಶಾಸ್ತ್ರವೂ ಸೇರಿದ ಕೃಷಿ ವಿಭಾಗದ ಕೋರ್ಸುಗಳಿಗೆ, ಕೃಷಿಕರ ಮಕ್ಕಳಿಗೆಂದಿರುವ ಈ ಕೋಟಾದಲ್ಲಿ ಬರುವವರಿಗೆ ಬೀಜ, ಬೆಳೆ, ಸಲಕರಣೆ ಗುರುತಿಸುವ ಪ್ರಾಯೋಗಿಕ ಪರೀಕ್ಷೆಯೂ ಇದೆ. ಕಾಫಿ ಕೊಯ್ದು, ಮೆಣಸಿನ ಬಳ್ಳಿ ಕಟ್ಟಿ, ಗದ್ದೆಯಲ್ಲಿ ನಾಟಿ ಮಾಡಿದ ಹುಡುಗಿಗೆ ಅದು ಕಷ್ಟವಲ್ಲ. ಪ್ರವೇಶದ ಇಡೀ ಸರಣಿಯಲ್ಲಿ ಕೈಕೆಲಸಕ್ಕೆ ಅಂಕ ಕೊಡುವ ಏಕೈಕ ಘಟ್ಟ ಅದು ಎಂದು ನಾನು ಮೆಚ್ಚುತ್ತೇನೆ. ಅವಳು ಸಿಕ್ಕಿಬೀಳುವುದು ಅದಕ್ಕೂ ಮೊದಲೇ, ತಾಲ್ಲೂಕು ಕಚೇರಿಯಲ್ಲಿ. ಮನೆತನಕ್ಕೆ ವಂಶಪಾರಂಪರ್ಯವಾಗಿ ಬರುವ ಕೊಡಗಿನ ಜಮ್ಮಾ ಭೂಮಿಯ ಪಹಣಿಗಳಲ್ಲಿ ಎಂದೋ ತೀರಿಕೊಂಡ ಪಟ್ಟೇದಾರರ, ಅಂದರೆ ಮನೆತನದ ಹಿರಿಯರ, ಹೆಸರೇ ಮುಂದುವರಿದಿರುವುದು ಸಾಮಾನ್ಯ. ಉಳುವ ಅಪ್ಪನ ಹೆಸರು ಅದರಲ್ಲಿ ಇರುವುದಿಲ್ಲ. ವಂಶವೃಕ್ಷ ತಂದು, ಒಕ್ಕದವರ, ಅಂದರೆ ಮನೆತನದವರ, ಒಪ್ಪಿಗೆ ಪಡೆದು, ಕೃಷಿಕರ ಪ್ರಮಾಣಪತ್ರ ಕೈಗೆ ಬರುವ ಹೊತ್ತಿಗೆ ಅರ್ಜಿಯ ದಿನಾಂಕ ದಾಟಿದ್ದರೆ, ಅವಳು ಸಾಮಾನ್ಯ ಪಟ್ಟಿಯಲ್ಲೇ ಸೀಟು ಹುಡುಕಬೇಕು. ಜಮ್ಮಾ ಕುಟುಂಬಗಳಿಗೆ ಪಟ್ಟೇದಾರರ ಹೆಸರಿನ ಪಹಣಿ ಮತ್ತು ವಂಶವೃಕ್ಷವನ್ನೇ ಸಾಕೆಂದು ಒಪ್ಪಿಕೊಳ್ಳುವ ಒಂದು ಸುತ್ತೋಲೆಯನ್ನು ಕಂದಾಯ ಇಲಾಖೆ ಮತ್ತು ಪ್ರಾಧಿಕಾರ ಕೂಡಿ ಹೊರಡಿಸಿದರೆ, ಅರ್ಜಿ ಕರೆಯುವ ಮೊದಲೇ ಈ ಗಂಟು ಬಿಡಿಸಬಹುದು.