ಭೀಮನನ್ನು ಬರೆದವರು ಯಾರು?

ಅಮರ ಚಿತ್ರಕಥೆಯ ‘ಮಹಾಭಾರತ’ ಮೂರು ದಪ್ಪ ಸಂಪುಟಗಳಲ್ಲಿ ಸಿಗುತ್ತದೆ. 1980ರ ದಶಕದಲ್ಲಿ ಬಿಡಿಬಿಡಿಯಾಗಿ ಬಂದ 42 ಸಂಚಿಕೆಗಳನ್ನು ಒಂದೆಡೆ ಕಟ್ಟಿದ ಪುಸ್ತಕ. ಸುಮಾರು 1,300 ಪುಟ. ಇದರ ಬಹುಪಾಲು ಚಿತ್ರಗಳು ಒಬ್ಬರ ಕೈಯವು. ಅವರು ದಿಲೀಪ್ ಕದಮ್. ಈ ಕಥೆಗಳನ್ನು ಓದಿ ಬೆಳೆದವರನ್ನು ಕೇಳಿ ನೋಡಿ, ಸಂಪಾದಕ ಅನಂತ ಪೈ ಅವರ ಹೆಸರು ತಟ್ಟನೆ ಬರುತ್ತದೆ. ಕದಮ್ ಹೆಸರು ಹೇಳುವವರು ಅಪರೂಪ. ಈ ಸಂಪುಟಗಳ ಹೆಚ್ಚುಗಾರಿಕೆ, ಕೊರತೆ ಎರಡೂ ಕೊನೆಗೆ ಈ ಒಂದು ಸಂಗತಿಗೇ ಬಂದು ಮುಟ್ಟುತ್ತವೆ.

ಮೊದಲು ಹೆಚ್ಚುಗಾರಿಕೆಯ ಮಾತು. ಕವಿಗೆ ‘ಭೀಷ್ಮ’ ಎಂದು ಬರೆದರೆ ಸಾಕು, ಓದುವವನ ಮನಸ್ಸಿನಲ್ಲಿ ಭೀಷ್ಮ ಎದ್ದು ನಿಲ್ಲುತ್ತಾನೆ. ಚಿತ್ರಕಥೆ ಬರೆಯುವವನಿಗೆ ಆ ಸೌಕರ್ಯ ಇಲ್ಲ. ಗಂಗೆಯ ದಡದ ಹುಡುಗ ದೇವವ್ರತನಿಂದ ಹಿಡಿದು ಶರಶಯ್ಯೆಯ ಮುದುಕನವರೆಗೆ ಆ ಒಂದು ಮುಖವನ್ನು ಅವನು ನೂರಾರು ಸಲ ಬರೆಯಬೇಕು. ಎದುರಿನಿಂದ, ಪಕ್ಕದಿಂದ, ರಥದ ಮೇಲಿನಿಂದ, ತುಂಬಿದ ಸಭೆಯ ಮೂಲೆಯಿಂದ ಬರೆದರೂ ಇವನೇ ಭೀಷ್ಮ ಎಂದು ಎಂಟು ವರ್ಷದ ಮಗುವಿಗೆ ತಿಳಿಯಬೇಕು. ಐವರು ಅಣ್ಣತಮ್ಮಂದಿರು ಒಟ್ಟಿಗೆ ನಿಂತರೆ ಅವರಲ್ಲಿ ಭೀಮ ಯಾರು, ನಕುಲ ಯಾರು ಎಂದು ಮಾತಿನ ಬಲೂನು ಓದುವ ಮೊದಲೇ ಗೊತ್ತಾಗಬೇಕು. 1,300 ಪುಟಗಳ ಉದ್ದಕ್ಕೂ ಈ ಗುರುತನ್ನು ಕಾಪಾಡಿಕೊಂಡು ಬಂದದ್ದು ದೊಡ್ಡ ಸಾಧನೆ. ಭಾರತದಲ್ಲಿ ಚಿತ್ರಕಥೆಯ ರೂಪದಲ್ಲಿ ಇಷ್ಟು ಉದ್ದದ ಓಟ ಓಡಿದವರು ಬೆರಳೆಣಿಕೆಯಷ್ಟು ಜನ.

ಕಾಳಗದ ಪುಟಗಳಲ್ಲಿ ಈ ಕೈಯ ಕಸುವು ಇನ್ನೂ ಚೆನ್ನಾಗಿ ಕಾಣುತ್ತದೆ. ಭೀಮ ಎಂದರೆ ತೂಕ. ಆ ತೂಕ ನೆಲದ ಮೇಲೆ ಬೀಳುವುದು, ಎದುರಾಳಿಯ ಬೆನ್ನು ಬಾಗುವುದು, ಗದೆ ಮೇಲೆದ್ದ ಕ್ಷಣಕ್ಕೂ ಇಳಿದ ಕ್ಷಣಕ್ಕೂ ನಡುವಿನ ಖಾಲಿಯನ್ನು ಓದುಗನ ಕಣ್ಣೇ ತುಂಬಿಕೊಳ್ಳುವುದು, ಇದೆಲ್ಲ ಗೆರೆಯ ಮೇಲೆ ಹಿಡಿತ ಇದ್ದವರಿಗೆ ಮಾತ್ರ ದಕ್ಕುವ ವಿದ್ಯೆ. 1938ರಲ್ಲಿ ಅಮೆರಿಕದಲ್ಲಿ ಸೂಪರ್‌ಮ್ಯಾನ್ ಬಂದಾಗಿನಿಂದ ಅಲ್ಲಿನ ಚಿತ್ರಕಾರರು ಮಾಂಸಖಂಡದ ಮೈ, ಹಾರುವ ಭಂಗಿ, ಚೌಕಟ್ಟು ಒಡೆದು ಬರುವ ಮುಷ್ಟಿ ಇವುಗಳದೊಂದು ಭಾಷೆ ಕಟ್ಟಿದರು. 1964ರಿಂದ ಇಂದ್ರಜಾಲ ಕಾಮಿಕ್ಸ್ ಫ್ಯಾಂಟಮ್‌ನನ್ನು ನಮ್ಮ ಮಕ್ಕಳ ಕೈಗೆ ಕೊಟ್ಟಿತು. ನಮ್ಮ ಚಿತ್ರಕಾರರು ಆ ಮೈಕಟ್ಟನ್ನು ತೆಗೆದುಕೊಂಡು, ರವಿವರ್ಮನ ಕ್ಯಾಲೆಂಡರಿನ ಕಿರೀಟ, ಪೀತಾಂಬರ ತೊಡಿಸಿ ಪುರಾಣಕ್ಕೆ ತಂದರು. ಇದು ಎರಡೂ ದಿಕ್ಕಿನಲ್ಲಿ ನಡೆದ ಕೊಡುಕೊಳ್ಳುವಿಕೆ. ಅಮರ ಚಿತ್ರಕಥೆಗೆ ಹಲವು ಸಂಚಿಕೆ ಬರೆದುಕೊಟ್ಟ ಪ್ರತಾಪ್ ಮುಳೀಕ್ ಅವರೇ 1986ರಲ್ಲಿ ರಾಜ್ ಕಾಮಿಕ್ಸ್‌ನ ನಾಗರಾಜ್ ಎಂಬ ಅಪ್ಪಟ ದೇಶಿ ಸೂಪರ್‌ಹೀರೋಗೆ ರೂಪ ಕೊಟ್ಟರು. ಭೀಮನಿಗೂ ನಾಗರಾಜನಿಗೂ ಮೈಯಲ್ಲಿ ಹರಿಯುವ ರಕ್ತ ಒಂದೇ.

ಕೊರತೆಗಳೂ ಇವೆ, ಸಣ್ಣವಲ್ಲ. ಪುಟದ ತುಂಬ ಕಿಕ್ಕಿರಿದ ಚೌಕಗಳು. ಪ್ರತಿ ಚೌಕದ ತಲೆಯ ಮೇಲೆ ವಿವರಣೆಯ ಪಟ್ಟಿ. ಚಿತ್ರ ಆಗಲೇ ಹೇಳಿದ್ದನ್ನು ಮಾತು ಮತ್ತೆ ಹೇಳುತ್ತದೆ. ಹದಿನೆಂಟು ಅಕ್ಷೋಹಿಣಿಯ ಸೈನ್ಯ ಅಂಗೈಯಗಲದ ಚೌಕದಲ್ಲಿ ಉಸಿರು ಕಟ್ಟಿ ನಿಂತಿರುತ್ತದೆ. ಒಂದು ಇಡೀ ಪುಟ, ಬೇಕಾದರೆ ಎರಡು ಪುಟ ಹರವಿ ಬರೆಯಬೇಕಾದ ಕುರುಕ್ಷೇತ್ರಕ್ಕೆ ಸಂಪಾದಕರು ಜಾಗ ಕೊಡಬೇಕಿತ್ತು. ಹೆಣ್ಣುಮುಖಗಳು ಒಂದರಂತೆ ಒಂದು. ಕುಂತಿಯ ದುಗುಡಕ್ಕೂ ದ್ರೌಪದಿಯ ಕಿಚ್ಚಿಗೂ ಮುಖದಲ್ಲಿ ಆಗಬೇಕಾದಷ್ಟು ಅಂತರ ಆಗಿಲ್ಲ. ಒಳ್ಳೆಯವರಿಗೆ ಬಿಳಿ ಮೈ, ರಾಕ್ಷಸರಿಗೆ ಕಪ್ಪು ಮೈ ಬಳಿಯುವ ಚಾಳಿ ಇಡೀ ಅಮರ ಚಿತ್ರಕಥೆಗೆ ಅಂಟಿದ ದೋಷ. ನಂದಿನಿ ಚಂದ್ರ, ಕಾರ್ಲೈನ್ ಮೆಕ್ಲೇನ್ ಅವರಂಥ ವಿದ್ವಾಂಸರು ಈ ಮಾಲೆಯ ಬಗ್ಗೆಯೇ ಪುಸ್ತಕಗಳನ್ನು ಬರೆದು ಇಂಥ ಪ್ರಶ್ನೆಗಳನ್ನು ಎತ್ತಿದ್ದಾರೆ. ಕಪ್ಪು ಮಣ್ಣಿನಲ್ಲಿ, ಕಪ್ಪು ಮೈಯಲ್ಲಿ ದುಡಿಯುವ ಜನರ ಮಕ್ಕಳು ಹಿಡಿಂಬೆಯನ್ನು ನೋಡಿ ಏನು ಕಲಿಯುತ್ತಾರೆ ಎಂಬ ಪ್ರಶ್ನೆ ಯಾವ ಚಂದದ ಗೆರೆಯಿಂದಲೂ ಮುಚ್ಚಿಹೋಗುವುದಿಲ್ಲ.

ಕೆ.ಆರ್. ಪೇಟೆ ತಾಲ್ಲೂಕಿನ ನಮ್ಮ ಬೂಕನಕೆರೆಯ ಕಡೆಯ ಓದುಗರಿಗೆ ಈ ಸಂಪುಟಗಳನ್ನು ಅಳೆಯಲು ಬೇರೆ ಯಾರಿಗೂ ಇಲ್ಲದ ಅಳತೆಗೋಲುಗಳಿವೆ. ನಮ್ಮ ಹೋಬಳಿಯ ಊರುಗಳಲ್ಲಿ ಹಬ್ಬಕ್ಕೋ ಜಾತ್ರೆಗೋ ‘ಕುರುಕ್ಷೇತ್ರ’ ನಾಟಕ ಕಟ್ಟುತ್ತಾರೆ. ಹಾರ್ಮೋನಿಯಂ ಮೇಷ್ಟ್ರ ಕೈಕೆಳಗೆ ತಿಂಗಳುಗಟ್ಟಲೆ ಕಲಿತ ರೈತರು, ಅಂಗಡಿಯವರು, ನೌಕರರು ರಾತ್ರಿಯಿಡೀ ಭೀಮ, ದುರ್ಯೋಧನರಾಗುತ್ತಾರೆ. ಅಲ್ಲಿ ದುರ್ಯೋಧನನ ಪ್ರವೇಶಕ್ಕೆ ಬೀಳುವ ಶಿಳ್ಳೆ ಯಾವ ನಾಯಕನಿಗೂ ಕಡಿಮೆ ಇಲ್ಲ. ರನ್ನನ ‘ಗದಾಯುದ್ಧ’ದ ಕನ್ನಡದಲ್ಲಿ ಛಲದ ಈ ಅರಸನಿಗೆ ಮೊದಲಿನಿಂದಲೂ ಗೌರವದ ಜಾಗ ಇದೆ. ಅಮರ ಚಿತ್ರಕಥೆ ಅವನನ್ನು ಕೆಟ್ಟವರ ಸಾಲಿನಲ್ಲಿ ನಿಲ್ಲಿಸಿ ಮುಂದೆ ಹೋಗುತ್ತದೆ. ಕನ್ನಡದ ಕಣ್ಣಿಗೆ ಅದು ದೊಡ್ಡ ನಷ್ಟ.

ಎರಡನೆಯ ಅಳತೆಗೋಲು ಕೆ.ಆರ್. ಪೇಟೆಗೆ ಹತ್ತಿರದಲ್ಲೇ ಇರುವ ಹೊಸಹೊಳಲು. 13ನೇ ಶತಮಾನದ ನಡುವಿನಲ್ಲಿ, ಹೊಯ್ಸಳ ವೀರ ಸೋಮೇಶ್ವರನ ಕಾಲದಲ್ಲಿ ಎದ್ದ ಲಕ್ಷ್ಮೀನಾರಾಯಣ ದೇವಾಲಯದ ತಳಗೋಡೆಯ ಸುತ್ತ ಪಟ್ಟಿಪಟ್ಟಿಯಾಗಿ ಆನೆ, ಕುದುರೆ, ಬಳ್ಳಿ, ಮಕರ, ಹಂಸ. ಅವುಗಳ ನಡುವಿನ ಪಟ್ಟಿಯಲ್ಲಿ ರಾಮಾಯಣ, ಮಹಾಭಾರತ, ಭಾಗವತದ ಕಥೆಗಳು. ಪ್ರದಕ್ಷಿಣೆ ಬರುತ್ತಾ ಹೋದಂತೆ ಕಥೆಯೂ ನಡೆಯುತ್ತದೆ. ಇಲ್ಲಿ ಚೌಕಟ್ಟುಗಳಿಲ್ಲ, ಒಬ್ಬನೇ ವೀರ ನಾಲ್ಕು ಹೆಜ್ಜೆ ಮುಂದೆ ಮತ್ತೆ ಕಾಣಿಸಿಕೊಂಡರೆ ಕಾಲ ಸರಿಯಿತು ಎಂದು ತಿಳಿಯಬೇಕು. ಬಿಲ್ಲು ಹಿಡಿದವರು ಎದುರುಬದುರು, ನಡುವೆ ಬಾಣಗಳ ಸಾಲು. ಕಲ್ಲಿನಲ್ಲಿ ಒಂದು ಮಾತೂ ಇಲ್ಲ, ಕಥೆ ಗೊತ್ತಿದ್ದವರು ಓದಿಕೊಳ್ಳುತ್ತಾರೆ. ಕದಮ್ ಅವರ ಪುಟಗಳ ಪಕ್ಕದಲ್ಲಿ ಇದನ್ನು ಇಟ್ಟು ನೋಡಿದಾಗ ವಿವರಣೆಯ ಪಟ್ಟಿಗಳು ಎಷ್ಟು ಭಾರ ಎಂಬುದು ಅರಿವಾಗುತ್ತದೆ. ಹಾಗೆಯೇ, ಕಲ್ಲಿನ ವೀರರಿಗೆ ಇಲ್ಲದ ಒಂದು ಸಂಪತ್ತು ಕದಮ್ ಅವರಿಗೆ ಇರುವುದೂ ಕಾಣುತ್ತದೆ. ಅದು ಹತ್ತಿರದ ನೋಟ. ಕಣ್ಣು ಕಿರಿದಾಗುವುದು, ತುಟಿ ಬಿಗಿಯುವುದು ಗೋಡೆಯ ಪಟ್ಟಿಯಲ್ಲಿ ಮೂಡಿಸಲು ಆಗದ್ದು; ಅದು ಚಿತ್ರಕಥೆಯ ಸ್ವಂತ ಗಳಿಕೆ.

ಮೂರನೆಯದು ಶ್ರೀರಂಗಪಟ್ಟಣದ ದರಿಯಾ ದೌಲತ್. 1784ರಲ್ಲಿ ಟಿಪು ಕಟ್ಟಿಸಿದ ಈ ಬೇಸಿಗೆ ಅರಮನೆಯ ಪಶ್ಚಿಮದ ಗೋಡೆಯ ತುಂಬ 1780ರ ಪೊಳ್ಳಿಲೂರು ಯುದ್ಧ. ನಡುವೆ ಚೌಕಾಕಾರವಾಗಿ ಸುತ್ತುವರಿದು ನಿಂತ ಇಂಗ್ಲಿಷ್ ಪಡೆ, ಸಿಡಿಯುತ್ತಿರುವ ಮದ್ದಿನ ಬಂಡಿ, ಪಲ್ಲಕ್ಕಿಯಲ್ಲಿ ಆ ಪಡೆಯ ನಾಯಕ ಕರ್ನಲ್ ಬೇಲಿ, ಸುತ್ತ ಮುತ್ತಿಕೊಳ್ಳುವ ಮೈಸೂರಿನ ಕುದುರೆ ದಂಡು. ಇಡೀ ಕಾಳಗ ಒಂದೇ ನೋಟಕ್ಕೆ ಸಿಗುತ್ತದೆ, ಹತ್ತಿರ ಹೋದರೆ ಒಬ್ಬೊಬ್ಬ ಸಿಪಾಯಿಯೂ ಬೇರೆ. ಕುರುಕ್ಷೇತ್ರಕ್ಕೆ ಬೇಕಿದ್ದ ಹರವು ಇದು. ಇದೇ ಯುದ್ಧದ ಕಾಗದದ ಮೇಲಿನ ಚಿತ್ರವೊಂದು 2022ರ ಮಾರ್ಚಿನಲ್ಲಿ ಲಂಡನ್ನಿನ ಸದಬೀಸ್ ಹರಾಜಿನಲ್ಲಿ 6,30,000 ಪೌಂಡಿಗೆ ಹೋಯಿತು. ಗೋಡೆಯ ಮೇಲಿನ ಚಿತ್ರ ಮಾಸಿದಾಗ 19ನೇ ಶತಮಾನದ ನಡುವಿನಲ್ಲಿ ಗವರ್ನರ್ ಜನರಲ್ ಡಾಲ್‌ಹೌಸಿ ಅದನ್ನು ಮತ್ತೆ ಬರೆಸಿದ. ಬರೆಸಿದವನ ಹೆಸರು ಎಲ್ಲ ಮಾರ್ಗದರ್ಶಿಗಳ ಬಾಯಲ್ಲಿದೆ; ಬರೆದವನ ಹೆಸರು ಕೇಳಿಬರುವುದಿಲ್ಲ.

ಹೊಯ್ಸಳರ ಕಾಲದ ಶಿಲ್ಪಿಗಳು ಈ ವಿಷಯದಲ್ಲಿ ನಮಗಿಂತ ಮುಂದಿದ್ದರು. ನಮ್ಮ ತಾಲ್ಲೂಕಿನ ಗೋವಿಂದನಹಳ್ಳಿಯ ಪಂಚಲಿಂಗೇಶ್ವರ ದೇವಾಲಯದಲ್ಲಿ ರೂವಾರಿ ಮಲ್ಲಿತಮ್ಮನ ಹೆಸರಿದೆ. 1196ರ ಅಮೃತಾಪುರದಿಂದ ಸೋಮನಾಥಪುರದವರೆಗೆ ಆತನ ಹೆಸರು ಕಲ್ಲಿನ ಮೇಲೆ ಮತ್ತೆ ಮತ್ತೆ ಸಿಗುತ್ತದೆ. ದೇವರ ಮೂರ್ತಿಯ ಕೆಳಗೆ ಕೆಲಸಗಾರ ತನ್ನ ಹೆಸರು ಕೆತ್ತಿದರೆ ದೇವರಿಗೆ ಅವಮಾನ ಎಂದು ಆ ಕಾಲದ ಅರಸರು, ದಂಡನಾಯಕರು ಯಾರೂ ತಿಳಿಯಲಿಲ್ಲ. ಹೆಸರು ಇದ್ದುದರಿಂದಲೇ ಇಂದು ನಾವು ಈ ಮೂರ್ತಿ ಅವನದು, ಆ ಮೂರ್ತಿ ಅವನ ಕೈಯದಲ್ಲ, ಇಲ್ಲಿ ಅವನ ಉಳಿ ಪಳಗಿದೆ ಎಂದು ವಿಮರ್ಶೆಯ ಮಾತು ಆಡಬಲ್ಲೆವು. ಹೆಸರಿಲ್ಲದ ಕಡೆ ಹೊಗಳಿಕೆ ಇರಬಹುದು, ವಿಮರ್ಶೆಗೆ ಕಾಲೂರಲು ಜಾಗ ಇರುವುದಿಲ್ಲ.

ಅಮೆರಿಕದ ಚಿತ್ರಕಾರರೂ ಈ ಹೆಸರಿಗಾಗಿ ಬಹಳ ಕಾಲ ಹೋರಾಡಿದರು. ಸೂಪರ್‌ಮ್ಯಾನ್‌ನನ್ನು ಹುಟ್ಟಿಸಿದ ಜೆರಿ ಸೀಗಲ್, ಜೋ ಶುಸ್ಟರ್ 1938ರಲ್ಲಿ 130 ಡಾಲರಿಗೆ ಹಕ್ಕು ಬಿಟ್ಟುಕೊಟ್ಟು, 1975ರಲ್ಲಿ ಮುಪ್ಪಿನ ಹೊತ್ತಿಗೆ ಒಂದು ಪಿಂಚಣಿಯನ್ನೂ ಕಥೆಯ ಮೇಲೆ ತಮ್ಮ ಹೆಸರನ್ನೂ ಮರಳಿ ಪಡೆದರು. ಕ್ಯಾಪ್ಟನ್ ಅಮೆರಿಕ, ಹಲ್ಕ್, ಥಾರ್‌ಗಳಿಗೆ ರೂಪ ಕೊಟ್ಟ ಜ್ಯಾಕ್ ಕರ್ಬಿ ತಾನೇ ಬರೆದ ಮೂಲ ಪುಟಗಳಿಗಾಗಿ ಮಾರ್ವೆಲ್ ಸಂಸ್ಥೆಯೊಡನೆ ವರ್ಷಗಟ್ಟಲೆ ಗುದ್ದಾಡಿದ. 1987ರಲ್ಲಿ ಒಂದು ಪಾಲಷ್ಟೇ ಕೈಗೆ ಬಂತು. ಅವನು ತೀರಿಕೊಂಡದ್ದು 1994ರಲ್ಲಿ. ಕುಟುಂಬಕ್ಕೂ ಸಂಸ್ಥೆಗೂ ರಾಜಿ ಆದದ್ದು 2014ರಲ್ಲಿ. ಇಂಥ ಹೋರಾಟಗಳು ಓದುಗರ ಕಣ್ಣು ತೆರೆಸಿದವು. ಮಾರ್ಕ್ ಎವಾನಿಯರ್ 2008ರಲ್ಲಿ ತಂದ ಕರ್ಬಿಯ ಸಂಪುಟದಲ್ಲಿ ನಡುವೆ ಇರುವುದು ಚಿತ್ರಕಾರನ ಬದುಕು ಮತ್ತು ಕೈ. 2010ರಿಂದ ಐಡಿಡಬ್ಲ್ಯೂ ಪ್ರಕಾಶನ ಹೊರತಂದ ‘ಆರ್ಟಿಸ್ಟ್ಸ್ ಎಡಿಷನ್’ ಪುಸ್ತಕಗಳು ಇನ್ನೂ ಮುಂದೆ ಹೋದವು. ಮೂಲ ಹಾಳೆಯ ಅಳತೆಯಲ್ಲೇ ಅಚ್ಚಾದ ಆ ಪುಟಗಳಲ್ಲಿ ಅಳಿಸದೆ ಉಳಿದ ಪೆನ್ಸಿಲ್ ಗೆರೆ, ತಪ್ಪು ಮುಚ್ಚಿದ ಬಿಳಿ ಬಣ್ಣ, ಅಂಚಿನಲ್ಲಿ ಸಂಪಾದಕರ ಟಿಪ್ಪಣಿ ಎಲ್ಲವೂ ಕಾಣುತ್ತವೆ. ಕಲಿಯುವ ಹುಡುಗನಿಗೆ ಅದೊಂದು ಶಾಲೆ.

ಈ ಅಳತೆಗೆ ನಮ್ಮ ಮಹಾಭಾರತ ಸಂಪುಟಗಳು ನಿಲ್ಲುವುದಿಲ್ಲ. ಅವು ಕಥೆಯನ್ನು ಕೊಂಡಾಡುತ್ತವೆ, ಮಾಲೆಯನ್ನು ಕೊಂಡಾಡುತ್ತವೆ, ಕೈಯನ್ನು ಕೊಂಡಾಡುವುದಿಲ್ಲ. ಬಣ್ಣ ತುಂಬುವ ಮುಂಚಿನ ಒಂದು ಕಪ್ಪು ಗೆರೆಯ ಪುಟ, ಪಾತ್ರ ಗಟ್ಟಿಯಾಗುವ ಮೊದಲಿನ ಒಂದು ಕರಡು, ಹೊಸಹೊಳಲಿನಂಥ ಕಡೆಯ ಶಿಲ್ಪದಿಂದ ಬಂದ ಆಭರಣವೋ ರಥವೋ ಯಾವುದು ಎಂಬ ಒಂದು ಮಾತು ಇದ್ದಿದ್ದರೆ ಇದು ಭಾರತೀಯ ಚಿತ್ರಕಲೆಯ ಚರಿತ್ರೆಗೂ ಸೇರುವ ಪುಸ್ತಕ ಆಗುತ್ತಿತ್ತು.

ಈ ಮಾಲೆಗೂ ಕನ್ನಡಕ್ಕೂ ಇರುವ ಕರುಳಿನ ನಂಟು ಸಹ ಮರೆಯಾಗಿದೆ. ಅನಂತ ಪೈ 1929ರಲ್ಲಿ ಹುಟ್ಟಿದ್ದು ಕಾರ್ಕಳದಲ್ಲಿ. ಅಮರ ಚಿತ್ರಕಥೆಯ ಮೊದಲ ಹತ್ತು ಸಂಚಿಕೆಗಳು ಸಿಂಡ್ರೆಲಾ, ಅಲ್ಲಾವುದ್ದೀನ್, ಪಿನೋಕಿಯೊದಂಥ ಹೊರನಾಡಿನ ಕಥೆಗಳಾಗಿ ಬಂದದ್ದು ಕನ್ನಡದಲ್ಲಿ. 1965ರಲ್ಲಿ ಬೆಂಗಳೂರಿನ ಜಿ.ಕೆ. ಅನಂತರಾಮ್ ಅದಕ್ಕೆ ಮುಂದಾದವರು. ರಾಮ್ ವಾಯೀರ್ಕರ್ ಚಿತ್ರಗಳ ‘ಕೃಷ್ಣ’ದ ನಂಬರು ಹನ್ನೊಂದು ಆಗಿರುವುದು ಅದಕ್ಕೇ. ಚಿತ್ರಕಥೆಯ ಇಷ್ಟು ದೊಡ್ಡ ಮರಕ್ಕೆ ಬೀಜ ಹಾಕಿದ ಭಾಷೆಯಲ್ಲಿ ಇಂದು ಒಬ್ಬ ಚಿತ್ರಕಾರನನ್ನು ಎತ್ತಿ ಹಿಡಿಯುವ ಸಂಪುಟ ಮಗುವಿನ ಕೈಗೆ ಸುಲಭಕ್ಕೆ ಸಿಗುವಂತಿರಬೇಕಿತ್ತು.

ಅಂಥ ಸಂಪುಟಕ್ಕೆ ಅರ್ಹರಾದವರು ನಮ್ಮಲ್ಲೇ ಇದ್ದಾರೆ. ಚಂದಮಾಮದ ಮುಖಪುಟಗಳಿಗೆ ಮಹಾಭಾರತ ಬರೆದ ಎಂ.ಟಿ.ವಿ. ಆಚಾರ್ಯ ಕನ್ನಡಿಗರು. ಮುಂದೆ ಬೆಂಗಳೂರಿನಲ್ಲಿ ಆಚಾರ್ಯ ಚಿತ್ರಕಲಾ ಭವನ ಕಟ್ಟಿ ಅಂಚೆಯ ಮೂಲಕ ಹಳ್ಳಿಹಳ್ಳಿಯ ಹುಡುಗರಿಗೆ ಚಿತ್ರಕಲೆ ಕಲಿಸಿದವರು. ವಿಕ್ರಮ ಬೇತಾಳನ ಚಿತ್ರ ಬರೆದ ಅದೇ ಚಂದಮಾಮದ ಶಂಕರ್ ಅವರಿಗೆ ಪದ್ಮಶ್ರೀ ಬಂದದ್ದು 2021ರಲ್ಲಿ, ಅವರು ತೀರಿಕೊಂಡ ಮೇಲೆ. ಆಚಾರ್ಯರ ವಿಷಯದಲ್ಲಿ ಇನ್ನಷ್ಟು ತಡ ಸಲ್ಲದು. ಅವರ ಚಿತ್ರಗಳನ್ನು ಮೂಲ ಬಣ್ಣದಲ್ಲಿ, ದೊಡ್ಡ ಅಳತೆಯಲ್ಲಿ, ಹೊದಿಕೆಯ ಮೇಲೆ ಅವರ ಹೆಸರು ಎಲ್ಲಕ್ಕಿಂತ ದೊಡ್ಡದಾಗಿ ಹಾಕಿ ಅಚ್ಚು ಮಾಡಬೇಕು. ಆ ಪುಸ್ತಕ ಕೆ.ಆರ್. ಪೇಟೆ, ನಾಗಮಂಗಲ, ಪಾಂಡವಪುರದ ಗ್ರಂಥಾಲಯಗಳಲ್ಲಿ, ಪಂಚಾಯಿತಿ ವಾಚನಾಲಯಗಳಲ್ಲಿ ಮಕ್ಕಳ ಕೈಗೆಟುಕುವ ಕಪಾಟಿನಲ್ಲಿ ಇರಬೇಕು. ಲಲಿತಕಲಾ ಅಕಾಡೆಮಿಯೂ ಕನ್ನಡ ಪುಸ್ತಕ ಪ್ರಾಧಿಕಾರವೂ ಕೂಡಿ ಮಾಡಬಹುದಾದ ಕೆಲಸ ಇದು.

ಅಟ್ಟದ ಮೇಲೆ ಹಳೆಯ ಚಂದಮಾಮ, ಇಂದ್ರಜಾಲ, ಅಮರ ಚಿತ್ರಕಥೆಗಳ ಕಟ್ಟು ಇಟ್ಟುಕೊಂಡವರಲ್ಲಿ ನನ್ನದೊಂದು ಕೋರಿಕೆ. ಅವನ್ನು ಗುಜರಿಗೆ ಹಾಕಬೇಡಿ. ಕಟ್ಟು ಬಿಚ್ಚಿ, ಚಿತ್ರ ಬರೆದವರ ಹೆಸರು ಎಲ್ಲಿದೆ ಎಂದು ಹುಡುಕಿ ಮನೆಯ ಮಕ್ಕಳಿಗೆ ಓದಿ ಹೇಳಿ, ಆಮೇಲೆ ಹತ್ತಿರದ ಗ್ರಂಥಾಲಯಕ್ಕೆ ಕೊಡಿ.